ತಮ್ಮನಿಗೆ ಕೇಳಿಸುವ ಮಾತು: ತಪ್ಪು ಎಡ ಮಿದುಳಿನದಾ, ಬಲ ಮಿದುಳಿನದಾ?

ಪ್ರಶ್ನೆ: ನಾವು ವಿಜಯಪುರದ ಕಡೆಯವರು. ಇಪ್ಪತ್ತು ವರ್ಷದಿಂದ ಪುಣೆಯ ಪಿಂಪ್ರಿಯಲ್ಲಿದ್ದೇವೆ. ನನ್ನ ತಮ್ಮನಿಗೆ 24 ವರ್ಷ. ಹೋದ ವರ್ಷದಿಂದ ಯಾರೂ ಇಲ್ಲದಾಗಲೂ ಮಾತು ಕೇಳಿಸುತ್ತದೆ ಅನ್ನುತ್ತಾನೆ. ಡಾಕ್ಟರು ಸ್ಕಿಜೋಫ್ರೇನಿಯಾ ಎಂದು ಹೇಳಿ ಮಾತ್ರೆ ಶುರು ಮಾಡಿದ್ದಾರೆ. ಎಂಆರ್‌ಐ ನಾರ್ಮಲ್ ಬಂತು. ಆದರೆ ಈ ಕಾಯಿಲೆಯವರಲ್ಲಿ ಎಡ ಮಿದುಳು, ಬಲ ಮಿದುಳಿನ ಲೆಕ್ಕ ಬೇರೆ ಇರುತ್ತದೆ ಎಂದು ಓದಿದೆ. ಅವನು ಹುಟ್ಟಿನಿಂದ ಎಡಚ. ಅಜ್ಜಿ ಹೊಡೆದು ಬಡಿದು ಬಲಗೈಯಲ್ಲಿ ಉಣ್ಣುವುದು, ಬರೆಯುವುದು ರೂಢಿ ಮಾಡಿಸಿದರು. ಅದರಿಂದಲೇ ಹೀಗಾಯಿತಾ? ವ್ಯತ್ಯಾಸ ಇದ್ದರೆ ಸ್ಕ್ಯಾನ್‌ನಲ್ಲಿ ಯಾಕೆ ಕಾಣಲಿಲ್ಲ? ಇನ್ನೊಂದು ಸ್ಕ್ಯಾನ್ ಮಾಡಿಸಬೇಕಾ? ಇನ್ನೊಂದು ವಿಚಿತ್ರ ಎಂದರೆ ಅವನು ಗೆಳೆಯರ ಜೊತೆ ಮರಾಠಿಯನ್ನೇ ಮಾತಾಡೋದು, ಕೇಳಿಸುವ ಮಾತು ಮಾತ್ರ ಕನ್ನಡದಲ್ಲಿ. ಹತ್ತಿರದಲ್ಲೇ ಒಬ್ಬರು ‘ಬಲ ಮಿದುಳು ಚುರುಕು ಮಾಡುವ’ ಕ್ಲಾಸ್ ನಡೆಸುತ್ತಾರೆ. ಎರಡೂ ಬದಿ ಸಮ ಮಾಡಿ ಕೊಡುತ್ತೇವೆ ಎಂದು 25 ಸಾವಿರ ಕೇಳುತ್ತಿದ್ದಾರೆ. ಸೇರಿಸಬಹುದಾ?

ಉತ್ತರ: ಮೊದಲು ಅಜ್ಜಿಯ ವಿಷಯ ಮುಗಿಸಿಬಿಡೋಣ. ಮನೆಯಲ್ಲಿ ಒಬ್ಬರ ಮೇಲೆ ತಪ್ಪು ಕೂತಿತು ಅಂದರೆ ಮುಂದಿನ ಯಾವ ಮಾತೂ ಯಾರ ಕಿವಿಗೂ ಹೋಗುವುದಿಲ್ಲ. ಎಡಗೈ ಹುಡುಗನಿಗೆ ಹೊಡೆದಿದ್ದು ಸರಿಯಲ್ಲ, ಅದು ಬೇರೆ ಮಾತು. ಆದರೆ ಕೈ ಬದಲಾಯಿಸಿದ್ದರಿಂದ ಸ್ಕಿಜೋಫ್ರೇನಿಯಾ ಬರುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ನಮ್ಮ ಕಡೆ ‘ಎಡಗೈಲಿ ಉಣ್ಣಬೇಡ’ ಎಂದು ಗದರಿಸದ ಮನೆ ಹುಡುಕಿದರೂ ಸಿಗುವುದು ಕಷ್ಟ. ಹಾಗೆ ಕಾಯಿಲೆ ಬರುವುದಾಗಿದ್ದರೆ ಊರಿಗೆ ಊರೇ ಮಲಗಬೇಕಿತ್ತು.

ಯಾವ ಕೈ ಅನ್ನುವುದು ಹೆಚ್ಚುಕಡಿಮೆ ತಾಯಿಯ ಹೊಟ್ಟೆಯಲ್ಲೇ ತೀರ್ಮಾನ ಆಗಿರುತ್ತದೆ. ಬೆಲ್‌ಫಾಸ್ಟ್‌ನ ಪೀಟರ್ ಹೆಪ್ಪರ್ ಮತ್ತು ಅವರ ತಂಡದವರು ಸೋನೋಗ್ರಫಿಯಲ್ಲಿ, ಹೊಟ್ಟೆಯಲ್ಲಿರುವ ಮಗು ಯಾವ ಹೆಬ್ಬೆರಳು ಚೀಪುತ್ತದೆ ಎಂದು ಬರೆದಿಟ್ಟುಕೊಂಡರು. ಅದೇ ಮಕ್ಕಳಲ್ಲಿ 75 ಜನರನ್ನು 10-12 ವರ್ಷ ಆದಾಗ ಮತ್ತೆ ಹುಡುಕಿ ನೋಡಿದರು. ಬಲ ಹೆಬ್ಬೆರಳು ಚೀಪಿದ್ದ 60 ಮಕ್ಕಳೂ ಬಲಗೈಯವರೇ ಆಗಿದ್ದರು. ಎಡ ಹೆಬ್ಬೆರಳಿನ 15 ಮಕ್ಕಳಲ್ಲಿ 10 ಜನ ಎಡಚರು. ಅಂದರೆ ನಿಮ್ಮ ತಮ್ಮನ ಮಿದುಳು ತನ್ನ ಬದಿ ಆರಿಸಿಕೊಂಡಾಗ ಅಜ್ಜಿ ಇನ್ನೂ ಅವನ ಮುಖವನ್ನೇ ನೋಡಿರಲಿಲ್ಲ.

ಎಡಗೈಗೂ ಈ ಕಾಯಿಲೆಗೂ ಏನೂ ಸಂಬಂಧವೇ ಇಲ್ಲ ಅಂತಲೂ ಹೇಳಲಾರೆ. ಸಂಬಂಧ ಇದೆ, ಸಣ್ಣದು. ಲೋಕದಲ್ಲಿ ನೂರಕ್ಕೆ ಸುಮಾರು 10 ಜನ ಎಡಚರು. ಸ್ಕಿಜೋಫ್ರೇನಿಯಾ ಇರುವವರಲ್ಲಿ ಎಡಗೈಯವರು, ಅದಕ್ಕಿಂತ ಜಾಸ್ತಿಯಾಗಿ ಒಂದು ಕೆಲಸಕ್ಕೆ ಈ ಕೈ ಇನ್ನೊಂದಕ್ಕೆ ಆ ಕೈ ಬಳಸುವ ಮಿಶ್ರಗೈಯವರು, ಸ್ವಲ್ಪ ಹೆಚ್ಚು ಕಾಣುತ್ತಾರೆ. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಇದು ಸುಮಾರು ಒಂದೂವರೆ ಪಟ್ಟು. ಕೇಳಿದರೆ ದೊಡ್ಡದು ಅನ್ನಿಸುತ್ತದೆ. ಆದರೆ ಜೀವಮಾನದಲ್ಲಿ ಈ ಕಾಯಿಲೆ ಬರುವುದೇ ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನಕ್ಕೆ. ಅದನ್ನು ಒಂದೂವರೆ ಪಟ್ಟು ಮಾಡಿದರೂ ನೂರು ಎಡಚರಲ್ಲಿ ಸುಮಾರು 99 ಜನರಿಗೆ ಇದು ಯಾವತ್ತೂ ಬರುವುದಿಲ್ಲ. ಕೈ ಈ ಕಾಯಿಲೆಯನ್ನು ತರುವುದಿಲ್ಲ. ಎರಡರ ಹಿಂದೆಯೂ, ಮಿದುಳು ಬೆಳೆಯುವಾಗಿನ ಕೆಲವು ಅದೇ ವಂಶವಾಹಿಗಳು ಇರಬಹುದು. 17 ಲಕ್ಷಕ್ಕೂ ಜಾಸ್ತಿ ಜನರ ಡಿಎನ್‌ಎ ನೋಡಿದ ಒಂದು ಅಧ್ಯಯನದಲ್ಲಿ ಎಡಗೈಗೆ ಸಂಬಂಧಪಟ್ಟ 41 ಜಾಗಗಳು ಸಿಕ್ಕಿವೆ. ಒಂದೊಂದರ ಪ್ರಭಾವವೂ ಕೂದಲೆಳೆಯಷ್ಟು.

ಈಗ ಮಿದುಳಿಗೆ ಬರೋಣ.

ಎರಡು ಬದಿ ಒಂದೇ ತರ ಅಲ್ಲ ಅನ್ನುವುದು ಹಳೆಯ ಸುದ್ದಿ. 1861ರಲ್ಲಿ ಪ್ಯಾರಿಸ್‌ನಲ್ಲಿ ಪಾಲ್ ಬ್ರೋಕಾ ಎಂಬ ವೈದ್ಯ ಒಬ್ಬ ರೋಗಿಯನ್ನು ನೋಡಿದರು. ಏನು ಕೇಳಿದರೂ ಅವನ ಬಾಯಿಂದ ‘ಟಾನ್’ ಎಂಬ ಒಂದೇ ಶಬ್ದ. ತೀರಿಕೊಂಡ ಮೇಲೆ ಮಿದುಳು ತೆಗೆದು ನೋಡಿದರೆ ಎಡಗಡೆಯ ಮುಂಭಾಗ ಹಾಳಾಗಿತ್ತು. ಇಂಥ ಇನ್ನಷ್ಟು ರೋಗಿಗಳನ್ನು ನೋಡಿದ ಬ್ರೋಕಾ 1865ರ ಹೊತ್ತಿಗೆ ‘ನಾವು ಮಾತಾಡುವುದು ಎಡ ಮಿದುಳಿನಿಂದ’ ಎಂದು ಹೇಳಿದರು. ಅದು ಬಹುಮಟ್ಟಿಗೆ ನಿಂತಿದೆ. ಬಲಗೈಯವರಲ್ಲಿ ನೂರಕ್ಕೆ 95ರಷ್ಟು ಜನರಿಗೆ ಮಾತು ಎಡಗಡೆ. ಎಡಚರಲ್ಲೂ ನೂರಕ್ಕೆ 70ರಷ್ಟು ಜನರಿಗೆ ಎಡಗಡೆಯೇ. ಹಾಗಾಗಿ ‘ಎಡಚ ಅಂದರೆ ಮಿದುಳು ಉಲ್ಟಾ’ ಅನ್ನುವ ಮಾತನ್ನೂ ಬಿಟ್ಟುಬಿಡಿ.

1968ರಲ್ಲಿ ಗೆಶ್‌ವಿಂಡ್ ಮತ್ತು ಲೆವಿಟ್‌ಸ್ಕಿ ಎಂಬ ಇಬ್ಬರು 100 ಮಿದುಳುಗಳನ್ನು ಕೊಯ್ದು, ಕಿವಿಯ ಮಟ್ಟದಲ್ಲಿ ಒಳಗೆ ಅಡಗಿರುವ ಒಂದು ಸಣ್ಣ ಬಯಲನ್ನು ಅಳೆದರು. ಕೇಳಿದ ಮಾತನ್ನು ಬಿಡಿಸುವ ಜಾಗ ಅದು. 65 ಮಿದುಳುಗಳಲ್ಲಿ ಎಡಗಡೆಯದು ದೊಡ್ಡದು, 11ರಲ್ಲಿ ಬಲಗಡೆಯದು. ಮುಂದೆ ಸ್ಕಿಜೋಫ್ರೇನಿಯಾ ಇರುವವರಲ್ಲಿ ಇದೇ ಜಾಗ ನೋಡಿದಾಗ ಹಲವು ತಂಡಗಳಿಗೆ ಈ ಎಡ-ಬಲದ ಅಂತರ ಕಡಿಮೆ ಕಂಡಿತು. ಎಡಗಡೆಯ ಕಪೋಲ ಭಾಗದ, ಅಂದರೆ ಕಿವಿಯ ಪಕ್ಕದ ಮಿದುಳಿನ ಭಾಗದ, ಮೇಲಿನ ಮಡಿಕೆ ತುಸು ಚಿಕ್ಕದು ಅನ್ನುವ ವರದಿಗಳೂ 1990ರ ದಶಕದಲ್ಲಿ ಸಾಲಾಗಿ ಬಂದವು.

ಅದಕ್ಕೂ ಮೊದಲು, 1969ರಲ್ಲಿ, ಪಿಯರ್ ಫ್ಲೋರ್-ಹೆನ್ರಿ ಎಂಬ ಮನೋವೈದ್ಯರು ಮೂರ್ಛೆರೋಗದವರನ್ನು ನೋಡಿ ಒಂದು ಮಾತು ಹೇಳಿದ್ದರು. ಫಿಟ್ಸ್ ಎಡ ಕಪೋಲದಿಂದ ಹುಟ್ಟಿದರೆ ಸ್ಕಿಜೋಫ್ರೇನಿಯಾದಂಥ ಲಕ್ಷಣ, ಬಲದಿಂದ ಹುಟ್ಟಿದರೆ ಉನ್ಮಾದ-ಖಿನ್ನತೆಯಂಥ ಲಕ್ಷಣ ಹೆಚ್ಚು ಎಂದು. ಬ್ರಿಟನ್ನಿನ ಟಿಮ್ ಕ್ರೋ ಇನ್ನೂ ಮುಂದೆ ಹೋದರು. ಮನುಷ್ಯನಿಗೆ ಭಾಷೆ ಬಂದದ್ದೇ ಮಿದುಳಿನ ಎರಡು ಬದಿ ಬೇರೆಯಾದದ್ದರಿಂದ, ಆ ಬೇರ್ಪಡೆ ಸರಿಯಾಗಿ ಆಗದಿದ್ದಾಗ ಸ್ಕಿಜೋಫ್ರೇನಿಯಾ, ಹಾಗಾಗಿ ಈ ಕಾಯಿಲೆ ನಾವು ಭಾಷೆಗೆ ತೆತ್ತ ಬೆಲೆ ಎಂದು 1997ರಲ್ಲಿ ಬರೆದರು. ಓದಲು ಬಹಳ ಚಂದದ ವಾದ. ನನಗೂ ಕಲಿಯುವ ದಿನಗಳಲ್ಲಿ ಹುಚ್ಚು ಹಿಡಿಸಿತ್ತು. ಆದರೆ ಇಷ್ಟು ದೊಡ್ಡ ಮಾತು ಹೊರುವಷ್ಟು ಗಟ್ಟಿ ಪುರಾವೆ ಬರಲಿಲ್ಲ. ನೀವು ಓದಿದ್ದು ಬಹುಶಃ ಇಂಥ ವಾದಗಳ ಸಾರಾಂಶವನ್ನೇ.

ಸಣ್ಣ ಸಣ್ಣ ಗುಂಪುಗಳಲ್ಲಿ ಮಾಡಿದ ಅಧ್ಯಯನಗಳಲ್ಲಿ ಇದೊಂದು ತೊಂದರೆ. ಇಪ್ಪತ್ತು ಮೂವತ್ತು ಜನರನ್ನು ನೋಡಿದಾಗ ದೊಡ್ಡ ವ್ಯತ್ಯಾಸ ಕಾಣಿಸಿಬಿಡುತ್ತದೆ, ಸಾವಿರಾರು ಜನರನ್ನು ನೋಡಿದಾಗ ಕರಗುತ್ತದೆ. 2023ರಲ್ಲಿ ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಕೂಟ ಸ್ಕಿಜೋಫ್ರೇನಿಯಾ ಇರುವ 5,080 ಜನ ಮತ್ತು ಇಲ್ಲದ 6,015 ಜನರ ಸ್ಕ್ಯಾನ್‌ಗಳನ್ನು ಒಂದೇ ವಿಧಾನದಲ್ಲಿ ಅಳೆದು ಹೋಲಿಸಿತು. ವ್ಯತ್ಯಾಸ ಸಿಕ್ಕಿತು. ಮುಖ್ಯವಾಗಿ ಮುಂಭಾಗದ ಒಳಬದಿಯ ಒಂದು ಜಾಗ, ಇನ್ನೊಂದು ಕಪೋಲದ ನಡು ಮಡಿಕೆ. ಎರಡರಲ್ಲೂ ಎಡಗಡೆಯ ಹೊರಪದರ ಸರಾಸರಿಯಲ್ಲಿ ತುಸು ತೆಳು. ಅಂದರೆ ಹಳೆಯ ವೈದ್ಯರು ಕೈ ತೋರಿಸಿದ ದಿಕ್ಕು ತಪ್ಪಾಗಿರಲಿಲ್ಲ. ಆದರೆ ಅಳತೆ ಬಹಳ ಸಣ್ಣದು.

ಎಷ್ಟು ಸಣ್ಣದು ಅಂದರೆ, ಶಾಲೆಯಲ್ಲಿ ಎ ಸೆಕ್ಷನ್‌ನ ಸರಾಸರಿ ಅಂಕ 63, ಬಿ ಸೆಕ್ಷನ್‌ನದು 62 ಅಂದುಕೊಳ್ಳಿ. ಎರಡೂ ಕಡೆ 35 ತೆಗೆದವರಿದ್ದಾರೆ, 95 ತೆಗೆದವರೂ ಇದ್ದಾರೆ. ಯಾವುದೋ ಒಂದು ಮಗುವಿನ ಮಾರ್ಕ್ಸ್ ಕಾರ್ಡ್ ತೋರಿಸಿ ಇದು ಯಾವ ಸೆಕ್ಷನ್ ಎಂದು ಕೇಳಿದರೆ ಹೇಳಲು ಆಗುತ್ತಾ? ಸ್ಕ್ಯಾನ್‌ನದೂ ಅದೇ ಕಥೆ. ನಿಮ್ಮ ತಮ್ಮನ ಎಂಆರ್‌ಐ ನಾರ್ಮಲ್ ಅಂದಿದ್ದು ಯಾರ ಕಣ್ತಪ್ಪೂ ಅಲ್ಲ. ಒಬ್ಬರ ಸ್ಕ್ಯಾನ್ ನೋಡಿ ಈ ಕಾಯಿಲೆ ಇದೆ ಅಥವಾ ಇಲ್ಲ ಎಂದು ಹೇಳಲು ಇವತ್ತಿಗೂ ಸಾಧ್ಯವಿಲ್ಲ.

ಹಾಗಾದರೆ ಎಂಆರ್‌ಐ ಯಾಕೆ ಮಾಡಿಸಿದರು? ಬೇರೆ ಏನೂ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. ಗಡ್ಡೆ, ಸೋಂಕು, ಮಿದುಳಿನ ಊತ, ನಮ್ಮ ದೇಶದಲ್ಲಿ ಇನ್ನೂ ಕಾಣುವ ಲಾಡಿಹುಳದ ಗಂಟು, ಇವೆಲ್ಲ ಕೆಲವೊಮ್ಮೆ ಹುಚ್ಚಿನ ವೇಷದಲ್ಲಿ ಬರುತ್ತವೆ. ಅದು ನಾರ್ಮಲ್ ಬಂದಿದ್ದು ಒಳ್ಳೆಯ ಸುದ್ದಿ. ಸುಮ್ನೆ ಇನ್ನೊಮ್ಮೆ ಮಾಡಿಸಿ ಹಣ ಕಳೆಯಬೇಡಿ. ಒಂದು ಮಾತ್ರ ನೆನಪಿಸಿಕೊಳ್ಳಿ. ಚಿಕ್ಕಂದಿನಲ್ಲಿ ಫಿಟ್ಸ್ ಬಂದಿತ್ತಾ, ಅಥವಾ ಈಗ ನಡುನಡುವೆ ಕೆಲವು ಸೆಕೆಂಡು ಕಣ್ಣು ನೆಟ್ಟು ಬಾಯಿ ಚಪ್ಪರಿಸುತ್ತಾ ಕರೆದರೂ ಓಗೊಡದೆ ಇರುತ್ತಾನಾ? ಇದ್ದರೆ ಡಾಕ್ಟರಿಗೆ ಹೇಳಿ, ಇಇಜಿ ಮಾಡಿ ಮಿದುಳಿನ ವಿದ್ಯುತ್ ಅಲೆ ನೋಡುತ್ತಾರೆ. ಫ್ಲೋರ್-ಹೆನ್ರಿ ನೋಡಿದ್ದು ಅಂಥವರನ್ನೇ.

ಸರಾಸರಿ ಲೆಕ್ಕ ನಿಮಗೆ ಉಪಯೋಗಕ್ಕೆ ಬರುವುದಿಲ್ಲ ಅಂದರೆ ಈ ಎಡ-ಬಲದ ವಿದ್ಯೆಯೆಲ್ಲ ದಂಡವಾ ಅನ್ನಬಹುದು. ದಂಡವಲ್ಲ. ತಮ್ಮನಿಗೆ ಕೇಳಿಸುವ ಮಾತನ್ನು ಅರ್ಥ ಮಾಡಿಕೊಳ್ಳಲು ಇದರಿಂದ ನಿಜವಾದ ಸಹಾಯ ಇದೆ.

ಒಂದು ಪರೀಕ್ಷೆ ಇದೆ. ಹೆಡ್‌ಫೋನ್ ಹಾಕಿ ಬಲಕಿವಿಗೆ ‘ಬಾ’ ಎಂದೂ ಅದೇ ಕ್ಷಣಕ್ಕೆ ಎಡಕಿವಿಗೆ ‘ಗಾ’ ಎಂದೂ ಕೇಳಿಸುತ್ತಾರೆ. ಏನು ಕೇಳಿಸಿತು ಎಂದರೆ ಬಹಳ ಜನ ‘ಬಾ’ ಅನ್ನುತ್ತಾರೆ. ಬಲಕಿವಿಯ ದಾರಿ ನೇರ ಎಡ ಮಿದುಳಿಗೆ, ಮಾತಿನ ಮನೆಗೆ ಹೋಗುತ್ತದೆ. ಎಡಕಿವಿಯದು ಬಲ ಮಿದುಳಿಗೆ ಹೋಗಿ, ಎರಡು ಬದಿಗಳ ನಡುವಿನ ಸುಮಾರು 20 ಕೋಟಿ ತಂತುಗಳ ಕಟ್ಟು ದಾಟಿ ಬರಬೇಕು. ಅಷ್ಟರಲ್ಲಿ ಬಲಕಿವಿಯದು ಗೆದ್ದಿರುತ್ತದೆ. ಸ್ಕಿಜೋಫ್ರೇನಿಯಾ ಇರುವವರಲ್ಲಿ, ಅದರಲ್ಲೂ ಯಾರೋ ಮಾತಾಡುವುದು ಕೇಳಿಸುವವರಲ್ಲಿ, ಬಲಕಿವಿಯ ಈ ಗೆಲುವು ಕಡಿಮೆ. ಯಾಕಿರಬಹುದು? ಒಂದು ವಿವರಣೆ ಎಂದರೆ, ಎಡಗಡೆಯ ಆ ಜಾಗ ಒಳಗಿಂದ ಬರುವ ಮಾತು ಕೇಳುವುದರಲ್ಲೇ ಬಿಜಿ ಇರುತ್ತದೆ, ಹೊರಗಿನ ಮಾತಿಗೆ ಪುರುಸೊತ್ತಿಲ್ಲ.

ಒಳಗಿಂದ ಬರುವ ಮಾತು ಅಂದರೆ ಯಾರದು? ಅವನದೇ. ನಾವೆಲ್ಲ ಮನಸ್ಸಿನಲ್ಲಿ ಮಾತಾಡಿಕೊಳ್ಳುತ್ತಲೇ ಇರುತ್ತೇವೆ, ಅಲ್ವಾ? ‘ಗ್ಯಾಸ್ ಆಫ್ ಮಾಡಿದೆನಾ’, ‘ಅಯ್ಯೋ ಲೋಕಲ್ ತಪ್ಪಿತು’. ಅದು ನನ್ನದೇ ಮಾತು ಎಂದು ಗೊತ್ತಾಗುವುದು ಯಾಕೆ? ಮಾತು ಹುಟ್ಟಿಸುವ ಭಾಗ, ಕೇಳಿಸಿಕೊಳ್ಳುವ ಭಾಗಕ್ಕೆ ‘ಇದು ನಂದೇ, ಲೆಕ್ಕಕ್ಕೆ ಇಡಬೇಡ’ ಎಂದು ಮೊದಲೇ ಸುದ್ದಿ ಕಳಿಸಿರುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬಾರದಿರುವುದೂ ಇದೇ ಕಾರಣಕ್ಕೆ. ಈ ಕಾಯಿಲೆಯಲ್ಲಿ ಆ ಸುದ್ದಿ ಸರಿಯಾಗಿ ತಲುಪುವುದಿಲ್ಲ. ತನ್ನದೇ ಮಾತು ಹೊರಗಿನಿಂದ ಬಂದ ಹಾಗೆ ಕೇಳುತ್ತದೆ. ಲಂಡನ್ನಿನಲ್ಲಿ ಮಾಡಿದ ಒಂದು ಪ್ರಯೋಗದಲ್ಲಿ, ಹೀಗೆ ಮಾತು ಕೇಳಿಸುವವರಿಗೆ ತಮ್ಮ ಕೈ ಮುಟ್ಟಿದ್ದಕ್ಕೂ ಬೇರೆಯವರು ಮುಟ್ಟಿದ್ದಕ್ಕೂ ಕಚಗುಳಿಯಲ್ಲಿ ಅಷ್ಟು ವ್ಯತ್ಯಾಸ ಗೊತ್ತಾಗಲಿಲ್ಲ.

1940ರ ದಶಕದಲ್ಲೇ ಲೂಯಿ ಗೌಲ್ಡ್ ಎಂಬ ವೈದ್ಯರು ಇಂಥ ರೋಗಿಯೊಬ್ಬರ ಗಂಟಲಿನ ಪಿಸುದನಿಯನ್ನು ಯಂತ್ರದಲ್ಲಿ ಜೋರು ಮಾಡಿ ಕೇಳಿದ್ದರು. ಯಾರೋ ನನಗೆ ಹೇಳುತ್ತಿದ್ದಾರೆ ಎಂದು ರೋಗಿ ವರದಿ ಮಾಡಿದ ಮಾತೂ ಆ ಪಿಸುದನಿಯ ಮಾತೂ ಹೊಂದುತ್ತಿದ್ದವು. ನನ್ನ ಬಳಿ ಬರುವ ಸೋಲಾಪುರ ಕಡೆಯ ಒಬ್ಬ ಹುಡುಗನಲ್ಲೂ ಇದನ್ನು ನೋಡಬಹುದು. ನನಗೆ ಮರಾಠಿಯಲ್ಲಿ ಉತ್ತರ ಕೊಡುತ್ತಿರುತ್ತಾನೆ. ನಡುವೆ ಮಾತು ನಿಲ್ಲಿಸಿ ಕಿಟಕಿಯ ಕಡೆ ತಿರುಗುತ್ತಾನೆ. ಕೆಳತುಟಿ ಸಣ್ಣಗೆ ಅಲ್ಲಾಡುತ್ತದೆ. ಏನಂದರು ಎಂದು ಕೇಳಿದರೆ, ‘ನೀ ಎದ್ ಹೋಗ್ ಅಂತಾರ್ರೀ’ ಎಂದು ಅಪ್ಪಟ ಮನೆಯ ಕನ್ನಡದಲ್ಲಿ ಹೇಳುತ್ತಾನೆ.

ನಿಮ್ಮ ಕನ್ನಡ-ಮರಾಠಿ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕನ್ನಡಕ್ಕೆ ಒಂದು ಬದಿ, ಮರಾಠಿಗೆ ಇನ್ನೊಂದು ಬದಿ ಅಂತ ಮಿದುಳಿನಲ್ಲಿ ಇಲ್ಲ. ಚಿಕ್ಕಂದಿನಿಂದ ಎರಡೂ ಆಡಿ ಬೆಳೆದವರಲ್ಲಿ ಎರಡಕ್ಕೂ ಬಹುತೇಕ ಅದೇ ಜಾಗ. ಬೈಗುಳ, ಬುದ್ಧಿಮಾತು, ಹೆದರಿಕೆ ಮನಸ್ಸಿನಲ್ಲಿ ಯಾವ ಭಾಷೆಯಲ್ಲಿ ಕೂತಿದೆಯೋ ಆ ಭಾಷೆಯಲ್ಲಿ ಅವು ಮೇಲೆ ಬರುತ್ತವೆ. ಪುಣೆ, ಮುಂಬೈ, ಡೊಂಬಿವಲಿಯ ನಮ್ಮವರಲ್ಲಿ ಇದು ವಿಚಿತ್ರವೇ ಅಲ್ಲ. ಕೆಲವರಿಗೆ ಬೈಯುವ ದನಿ ಕನ್ನಡ, ಆಫೀಸಿನ ದನಿ ಹಿಂದಿ.

ಬಲ ಮಿದುಳಿಗೂ ಇದರಲ್ಲಿ ಪಾಲಿದೆ. ನೆದರ್‌ಲ್ಯಾಂಡ್ಸ್‌ನ ಐರಿಸ್ ಸೊಮ್ಮರ್ ತಂಡ, ಸ್ಕ್ಯಾನರ್ ಒಳಗೆ ಮಲಗಿದ್ದಾಗಲೇ ಮಾತು ಕೇಳಿಸಿದವರ ಮಿದುಳು ನೋಡಿತು. ಆ ಹೊತ್ತಿನಲ್ಲಿ ಜೋರಾಗಿ ಕೆಲಸ ಮಾಡಿದ್ದು ಬ್ರೋಕಾ ಜಾಗದ ಎದುರು ಬದಿ, ಅಂದರೆ ಬಲಗಡೆಯದು. ಬಲ ಮಿದುಳಿಗೆ ಉದ್ದ ವಾಕ್ಯ ಕಟ್ಟಲು ಬಾರದು. ಬೈಗುಳ, ಉದ್ಗಾರ, ಬಾಯಿಪಾಠವಾದ ಚಿಕ್ಕ ಮಾತು ಬರುತ್ತವೆ. ಪಾರ್ಶ್ವವಾಯು ಎಡಗಡೆ ಹೊಡೆದು ಮಾತೇ ಹೋದವರು ಕೂಡ ಕೋಪ ಬಂದಾಗ ಸ್ಪಷ್ಟವಾಗಿ ಬೈಯುವುದು ನೋಡಿರಬಹುದು. ಈ ರೋಗಿಗಳಿಗೆ ಕೇಳಿಸುವುದೂ ಬಹಳ ಸಲ ಅಂಥದ್ದೇ. ಚಿಕ್ಕದು, ಅದೇ ಅದೇ, ಒರಟು. ಇದು ಪೂರ್ತಿ ಸಾಬೀತಾದ ಸಂಗತಿ ಅಲ್ಲ, ಆದರೆ ನನಗೆ ಸರಿ ಕಾಣುತ್ತದೆ.

ಇದರಿಂದ ಮನೆಯಲ್ಲಿ ಎರಡು ಉಪಯೋಗ. ಒಂದು, ‘ಯಾರೂ ಇಲ್ಲ, ಎಲ್ಲ ನಿನ್ನ ಭ್ರಮೆ’ ಎಂದು ಅವನ ಜೊತೆ ವಾದಕ್ಕೆ ನಿಲ್ಲಬೇಡಿ. ಅವನ ಮಿದುಳಿನ ಕೇಳುವ ಜಾಗ ನಿಜವಾಗಿಯೂ ಕೆಲಸ ಮಾಡುತ್ತಿದೆ. ‘ನನಗೆ ಕೇಳಿಸುತ್ತಿಲ್ಲ, ಆದರೆ ನಿನಗೆ ಕೇಳಿಸುತ್ತಿದೆ ಅನ್ನೋದು ಗೊತ್ತು’ ಎಂದರೆ ಸಾಕು. ಎರಡು, ಬಾಯಿಗೆ ಕೆಲಸ ಕೊಟ್ಟಾಗ ಕೆಲವರಿಗೆ ಆ ದನಿ ತಗ್ಗುತ್ತದೆ. ಗುನುಗುವುದು, ಪೇಪರ್ ಜೋರಾಗಿ ಓದುವುದು, ಗೊತ್ತಿರುವ ವಚನ ಹೇಳುವುದು. ಇದು ಔಷಧಿಗೆ ಬದಲಿ ಅಲ್ಲ. ರಾತ್ರಿ ಹೊತ್ತು ದನಿ ಜಾಸ್ತಿಯಾದಾಗ ಹಿಡಿದುಕೊಳ್ಳಲು ಒಂದು ಕೊಂಬೆ.

ಚಿಕಿತ್ಸೆಯಲ್ಲಿ ಎಡ-ಬಲ ನೋಡುವುದು ಎಲ್ಲಿ? ಮಾತ್ರೆಗೆ ಬದಿ ಇಲ್ಲ, ಅದು ಇಡೀ ಮಿದುಳಿಗೆ ಹೋಗುತ್ತದೆ. ತಲೆಯ ಹೊರಗಿನಿಂದ ಕಾಂತ ಅಥವಾ ಸಣ್ಣ ಕರೆಂಟ್ ಬಳಸುವ ಚಿಕಿತ್ಸೆಗಳಲ್ಲಿ ಮಾತ್ರ ಬದಿ ಮುಖ್ಯ. ಮಾತ್ರೆಗೆ ಬಗ್ಗದ ದನಿಗಳಿಗೆ ಎಡಕಿವಿಯ ಮೇಲ್ಭಾಗ, ಹಿಂದಕ್ಕೆ, ಗುರಿ ಇಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಕರೆಂಟ್ ಚಿಕಿತ್ಸೆಯ ಬಗ್ಗೆ ತುಂಬ ಕೆಲಸ ಆಗಿದೆ. ಫಲ ಕೆಲವರಿಗೆ ಚೆನ್ನಾಗಿ, ಕೆಲವರಿಗೆ ಏನೂ ಇಲ್ಲ. ಖಿನ್ನತೆಗೆ ಕಾಂತ ಚಿಕಿತ್ಸೆ ಕೊಡುವುದು ಸಾಮಾನ್ಯವಾಗಿ ಎಡ ಹಣೆಯ ಮೇಲೆ. ತಮಾಷೆ ನೋಡಿ, ಖಿನ್ನತೆ ಇರುವವರ ಸ್ಕ್ಯಾನ್‌ಗಳನ್ನು 2019ರಲ್ಲಿ ಅದೇ ಎನಿಗ್ಮಾ ಕೂಟ ಹೋಲಿಸಿದಾಗ ಎಡ-ಬಲದ ವ್ಯತ್ಯಾಸ ಏನೂ ಸಿಗಲಿಲ್ಲ. ನಿಮ್ಮ ತಮ್ಮನಿಗೆ ಸದ್ಯಕ್ಕೆ ಇದ್ಯಾವುದೂ ಬೇಡ. ಮೊದಲ ಮಾತ್ರೆಗೇ ಸಮಯ ಕೊಡಿ. ಎರಡು ಬೇರೆ ಬೇರೆ ಔಷಧಿ ಸರಿಯಾದ ಡೋಸ್‌ನಲ್ಲಿ, ಸಾಕಷ್ಟು ವಾರ ಕೊಟ್ಟೂ ದನಿ ನಿಲ್ಲದಿದ್ದರೆ ಆಗ ಕ್ಲೋಜಪಿನ್ ಬಗ್ಗೆ ಡಾಕ್ಟರನ್ನು ನೀವೇ ಕೇಳಿ. ಅದಕ್ಕೆ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು ಎಂದು ಹೆದರಿ ಎಷ್ಟೋ ಮನೆಗಳು ಒಳ್ಳೆಯ ಔಷಧಿಯನ್ನು ವರ್ಷಗಟ್ಟಲೆ ಮುಂದಕ್ಕೆ ತಳ್ಳುತ್ತವೆ.

ಇನ್ನು ಆ ಕ್ಲಾಸ್. ಬೇಡ. ‘ನಾನು ಬಲ ಮಿದುಳಿನವನು, ಕಲಾವಿದ, ನೀನು ಎಡ ಮಿದುಳಿನವಳು, ಲೆಕ್ಕದವಳು’ ಅನ್ನುವುದೇ ಪೊಳ್ಳು. 2013ರಲ್ಲಿ ಅಮೆರಿಕದ ಯೂಟಾದಲ್ಲಿ ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್ ನೋಡಿದರು. ಒಬ್ಬೊಬ್ಬರೂ ಇಡೀ ಒಂದು ಬದಿಯನ್ನೇ ಜಾಸ್ತಿ ಬಳಸುತ್ತಾರೆ ಅನ್ನುವುದಕ್ಕೆ ಒಂದು ಗುರುತೂ ಸಿಗಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿ ಮಕ್ಕಳಿಂದ ಓದಿಸುವ ‘ಮಿಡ್‌ಬ್ರೇನ್’ ಕ್ಲಾಸ್‌ಗಳ ಆಟವನ್ನು ಮಂಗಳೂರಿನ ನರೇಂದ್ರ ನಾಯಕ್ ಅಂಥವರು ಬಯಲು ಮಾಡಿದ್ದಾರೆ, ಮೂಗಿನ ಪಕ್ಕದ ಸಂದಿಯಿಂದ ಇಣುಕುವುದಷ್ಟೇ ಅದರ ಗುಟ್ಟು. ನಿಮ್ಮ ಪಕ್ಕದ ಕ್ಲಾಸಿನವರು ಅದನ್ನೇ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ಎರಡು ಬದಿ ‘ಸಮ’ ಮಾಡುತ್ತೇವೆ ಅನ್ನುವ ಮಾತನ್ನೇ ನೋಡಿ. ಎರಡು ಬದಿ ಸಮ ಇಲ್ಲದಿರುವುದೇ ಆರೋಗ್ಯ. ಈ ಕಾಯಿಲೆಯಲ್ಲಿ ಕಂಡದ್ದೇ ಆ ಅಂತರ ಕಡಿಮೆ ಆಗಿರುವುದು. ಅವರ ವಿದ್ಯೆ ನಿಜವಾಗಿದ್ದರೂ ಉಲ್ಟಾ ದಿಕ್ಕಿಗೆ ಹೋಗುತ್ತಿತ್ತು! ಹಣ ಹೋದರೆ ಹೋಗಲಿ ಅನ್ನಬಹುದು. ನನ್ನ ಹೆದರಿಕೆ ಬೇರೆ. ಇಂಥ ಕಡೆ ಕೊನೆಗೆ ‘ಮಾತ್ರೆ ನಿಲ್ಲಿಸಿ’ ಎಂಬ ಸಲಹೆ ಬರುತ್ತದೆ. ಮಾತ್ರೆ ತಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ತುಂಬ ಜಾಸ್ತಿ.

ಪುಣೆಯಲ್ಲೇ ಸ್ಕಿಜೋಫ್ರೇನಿಯಾ ಅವೇರ್‌ನೆಸ್ ಅಸೋಸಿಯೇಷನ್ ಇದೆ, ಮನೆಯವರಿಗಾಗಿಯೇ ಅವರು ಬೆಂಬಲ ಗುಂಪು ನಡೆಸುತ್ತಾರೆ. ಅಲ್ಲಿ ಬರುವ ಅಕ್ಕಂದಿರು, ಅಮ್ಮಂದಿರಿಂದ ನೀವು ಕಲಿಯುವುದು ನನ್ನಿಂದ ಕಲಿಯುವುದಕ್ಕಿಂತ ಜಾಸ್ತಿ. ಮನೆಯಲ್ಲಿ ಹಿರಿಯರಿಗೆ ಕನ್ನಡದಲ್ಲೇ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡ ಆರಿಸಿಕೊಳ್ಳಬಹುದು. ಅದಕ್ಕೆ ದುಡ್ಡಿಲ್ಲ. ದನಿಗಳು ‘ಸಾಯಿ’ ಎಂದು ಅಥವಾ ‘ಅವರನ್ನು ಹೊಡಿ’ ಎಂದು ಆಜ್ಞೆ ಮಾಡಲು ಶುರು ಮಾಡಿದರೆ ಮುಂದಿನ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಎಂಆರ್‌ಐ ಫೈಲ್ ಜೊತೆ ಒಂದು ಸಣ್ಣ ನೋಟ್‌ಬುಕ್ ಒಯ್ಯಿರಿ. ದನಿ ಯಾವ ಹೊತ್ತಿಗೆ ಬರುತ್ತದೆ, ಯಾವ ಭಾಷೆ, ಒಬ್ಬರಾ ಇಬ್ಬರಾ, ಏನು ಹೇಳುತ್ತವೆ, ಎಷ್ಟು ಹೊತ್ತು, ಯಾವ ದಿನ ಮಾತ್ರೆ ತಪ್ಪಿತು, ನಿದ್ದೆ ಎಷ್ಟು. ಇದನ್ನು ತಮ್ಮನ ಬೆನ್ನ ಹಿಂದೆ ಬರೆಯಬೇಡಿ. ಅವನ ಕೈಯಲ್ಲೇ ಬರೆಸಿ, ಅವನಿಗೆ ಯಾವ ಕೈ ಬೇಕೋ ಆ ಕೈಯಲ್ಲಿ.